ಒಂಟಿಯಾದ ಕೋಳಿಗೆ ಜೊತೆ ಹುಡುಕುವಾಗ: ದೋಷ ನಿವಾರಣೆ ಕೈಪಿಡಿ

ಹಿತ್ತಲಲ್ಲಿ ಎರಡೇ ಕೋಳಿ ಸಾಕಿದವರಿಗೆ ಒಂದಲ್ಲ ಒಂದು ದಿನ ಈ ತೊಂದರೆ ಬಂದೇ ಬರುತ್ತದೆ. ಒಂದನ್ನು ಮುಂಗುಸಿ ಎಳೆದುಕೊಂಡು ಹೋಗುತ್ತದೆ, ಇಲ್ಲವೇ ರೋಗ ಬಂದು ಸಾಯುತ್ತದೆ. ಉಳಿದದ್ದು ಮಾರನೇ ದಿನದಿಂದ ಕೂಗಲು ಶುರು ಮಾಡುತ್ತದೆ. ನಮ್ಮ ಮನೆಯಲ್ಲಿ ಉಳಿದದ್ದು ಕೆಂಪಿ, ಮೂರು ವರ್ಷದ ಸ್ವರ್ಣಧಾರ ತಳಿಯ ಹೇಂಟೆ. ಜೊತೆಯ ಕರಿ ಹೋದ ಮೇಲೆ ಅದು ಅಡುಗೆಮನೆಯ ಹಿಂಬಾಗಿಲಿಗೆ ಬಂದು ನಿಂತು ಕೂಗುತ್ತಿತ್ತು. ಹಾಕಿದ ನುಚ್ಚನ್ನು ಎರಡು ಸಲ ಕುಕ್ಕಿ ಬಿಟ್ಟುಬಿಡುತ್ತಿತ್ತು.

ಅದರ ಸಂಕಟ ನೋಡಲಾಗದೆ ಆ ವಾರದ ಸಂತೆಯಲ್ಲೇ ಎರಡು ತಿಂಗಳ ನಾಟಿ ಮರಿಯೊಂದನ್ನು ತಂದು ನೇರವಾಗಿ ಹಿತ್ತಲಿಗೆ ಬಿಟ್ಟೆ. ಹತ್ತು ನಿಮಿಷದಲ್ಲಿ ಮರಿಯ ತಲೆಯ ತುಂಬ ರಕ್ತ. ಬಿಡಿಸಿ ಬೇರೆ ಇಟ್ಟೆ. ಐದನೇ ದಿನ ಮರಿ ಸೀನತೊಡಗಿತು, ಹತ್ತನೇ ದಿನ ಕೆಂಪಿಯ ಕಣ್ಣಂಚಿನಲ್ಲೂ ನೊರೆ ಕಾಣಿಸಿತು. ಮರಿ ಉಳಿಯಲಿಲ್ಲ. ಪಶುವೈದ್ಯರ ಔಷಧಿಯಿಂದ ಕೆಂಪಿ ಉಳಿಯಿತು. ಆಗ ನಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಎರಡನೇ ಸಲ ಸರಿಯಾಗಿ ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆ: ಇದು ಒಂಟಿತನವೋ, ಕಾಯಿಲೆಯೋ?

ಜೊತೆ ತರುವ ಮುಂಚೆ ಇದು ಗೊತ್ತಾಗಲೇಬೇಕು. ಕಾಯಿಲೆ ಬಿದ್ದ ಕೋಳಿಯೂ ಮಂಕಾಗಿ ಮೂಲೆ ಸೇರುತ್ತದೆ, ಮೇವು ಬಿಡುತ್ತದೆ. ಅದರ ಪಕ್ಕಕ್ಕೆ ಹೊಸ ಕೋಳಿ ತಂದು ಬಿಟ್ಟರೆ ಎರಡೂ ಕೈಬಿಟ್ಟುಹೋಗುತ್ತವೆ.

ನಾನು ನಂಬುವ ಪರೀಕ್ಷೆ ಬಹಳ ಸರಳ. ಬೆಳಿಗ್ಗೆ ಮೇವು ಹಾಕಿ ಅರ್ಧ ಗಂಟೆ ಕೋಳಿಯ ಪಕ್ಕದಲ್ಲೇ ಕೂರಿ. ಮಾತಾಡಬೇಕಾಗಿಲ್ಲ, ಮುಟ್ಟಬೇಕಾಗಿಲ್ಲ. ನೀವು ಇರುವಷ್ಟು ಹೊತ್ತು ಅದು ತಿಂದು, ನೆಲ ಕೆದಕಿ, ಮಣ್ಣಿನಲ್ಲಿ ಹೊರಳಿ, ನೀವು ಎದ್ದು ಹೋದ ಕೂಡಲೇ ಕತ್ತೆತ್ತಿ ಜೋರಾಗಿ ಕೂಗುತ್ತಾ ಬೇಲಿಯುದ್ದಕ್ಕೂ ಓಡಾಡಿದರೆ ಅದಕ್ಕೆ ಬೇಕಾದದ್ದು ಜೊತೆ. ನೀವು ಕೂತಿದ್ದಾಗಲೂ ತಿನ್ನದೆ, ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ನಿಂತರೆ ಅದಕ್ಕೆ ಬೇಕಾದದ್ದು ವೈದ್ಯರು. ಮೂರು ದಿನ ಹೀಗೆ ನೋಡಿ. ಒಂದೇ ದಿನದ ನೋಟ ಮೋಸ ಮಾಡುತ್ತದೆ.

ಮೊಟ್ಟೆಯಿಟ್ಟ ಮೇಲಿನ ಕೇಕೆಯನ್ನು ಅಳು ಅಂದುಕೊಳ್ಳಬೇಡಿ. ಅದು ಹತ್ತು-ಹದಿನೈದು ನಿಮಿಷ ನಡೆದು ನಿಲ್ಲುತ್ತದೆ. ಒಂಟಿತನದ ಕೂಗು ದಿನವಿಡೀ ಬಿಟ್ಟುಬಿಟ್ಟು ಬರುತ್ತದೆ, ಸಂಜೆ ಗೂಡು ಸೇರುವ ಹೊತ್ತಿಗೆ ಇನ್ನೂ ಹೆಚ್ಚಾಗುತ್ತದೆ.

ಕೋಳಿಯನ್ನು ಕೈಗೆತ್ತಿಕೊಂಡು ನೋಡಬೇಕಾದ್ದೂ ಇದೆ. ರಾತ್ರಿ ಗೂಡು ಸೇರುವಾಗ ಕತ್ತಿನ ಬುಡದ ಮೇವಿನ ಚೀಲ ತುಂಬಿರಬೇಕು, ಬೆಳಿಗ್ಗೆ ಏನೂ ಹಾಕುವ ಮುಂಚೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಇಲ್ಲವೇ ನೀರಿನ ಚೀಲದಂತೆ ಅಲುಗಿ ಬಾಯಿಂದ ಹುಳಿ ವಾಸನೆ ಬಂದರೆ ತೊಂದರೆ ಹೊಟ್ಟೆಯದು. ಎದೆಯ ಮೂಳೆ ಕತ್ತಿಯ ಅಲಗಿನಂತೆ ಕೈಗೆ ಚುಚ್ಚಿದರೆ ಕೋಳಿ ಬಹಳ ದಿನಗಳಿಂದ ಸೊರಗುತ್ತಿದೆ, ಜೊತೆಗಾರ್ತಿ ಹೋದ ಒಂದು ವಾರದಲ್ಲಿ ಅಷ್ಟು ಸೊರಗುವುದಿಲ್ಲ. ಹಿಂಭಾಗದ ಗರಿ ಬಿಡಿಸಿ ನೋಡಿ, ಬುಡದಲ್ಲಿ ಬಿಳಿ ಮೊಟ್ಟೆಗಳು ಗಂಟು ಕಟ್ಟಿದ್ದರೆ ಹೇನು. ಕೆಲವು ನುಸಿಗಳು ಹಗಲು ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರುತ್ತವೆ. ಅದಕ್ಕೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೋಳಿ ಕೂರುವ ಕೋಲಿನ ಅಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ ಸಂಶಯವೇ ಬೇಡ.

ಒಂದು ಲಕ್ಷಣಕ್ಕೆ ಮಾತ್ರ ಮೂರು ದಿನ ಕಾಯಬಾರದು. ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು, ಮುಕ್ಕುತ್ತಾ ಮತ್ತೆ ಮತ್ತೆ ಗೂಡಿಗೆ ಹೋಗಿ ಬರಿಗೈಯಲ್ಲಿ ಬರುವ ಕೋಳಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ.

ಗರಿ ಉದುರುವ ಕಾಲವೂ ಕೋಳಿಯನ್ನು ಮಂಕು ಮಾಡುತ್ತದೆ. ಹಗಲು ಕಿರಿದಾಗುತ್ತಾ ಬರುವ ತಿಂಗಳುಗಳಲ್ಲಿ ಹಳೆ ಗರಿ ಉದುರಿ ಮುಳ್ಳಿನಂಥ ಹೊಸ ಗರಿ ಮೂಡುತ್ತವೆ, ಮೊಟ್ಟೆ ನಿಲ್ಲುತ್ತದೆ. ಆ ಮುಳ್ಳುಗರಿಯಲ್ಲಿ ರಕ್ತ ಓಡುತ್ತಿರುತ್ತದೆ, ಕುಕ್ಕಿದರೆ ಚಿಮ್ಮುತ್ತದೆ. ಹಾಗಾಗಿ ಗರಿ ಪೂರ್ತಿ ಬಲಿಯುವವರೆಗೆ ಹೊಸ ಕೋಳಿಯ ಪರಿಚಯ ಮಾಡಿಸಬೇಡಿ.

ಕಾವು ಕೂತಿದ್ದರೆ ದಾರಿಯೇ ಬೇರೆ

ದಿನವಿಡೀ ಗೂಡಲ್ಲೇ ಚಪ್ಪಟೆಯಾಗಿ ಕೂತು, ಕೈ ಹಾಕಿದರೆ ಮೈ ಉಬ್ಬಿಸಿ ಗುರ್ ಅಂದು, ಒಂದೇ ಹೊತ್ತು ಎದ್ದು ದೊಡ್ಡದೊಂದು ನಾರುವ ಹಿಕ್ಕೆ ಹಾಕಿ ಮತ್ತೆ ಓಡಿಹೋಗಿ ಕೂತರೆ ಕೋಳಿ ಕಾವಿಗೆ ಬಂದಿದೆ. ಇದನ್ನು ಸಂಕಟ ಎಂದು ತಿಳಿದು ಗೂಡಿಂದ ಎಬ್ಬಿಸಿ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂಟಿ ಕೋಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ಹತ್ತಿರದಲ್ಲಿ ಹುಂಜ ಇರುವ ಮನೆಯಿಂದ ಆರೆಂಟು ಮೊಟ್ಟೆ ತಂದು ಅಡಿಗಿಟ್ಟರೆ 21 ದಿನಕ್ಕೆ ಮರಿ. ಅಷ್ಟು ಕಾಯಲಾಗದಿದ್ದರೆ, ಕೋಳಿ ಎರಡು-ಮೂರು ವಾರ ಕೂತಾದ ಮೇಲೆ ಒಂದು-ಎರಡು ದಿನದ ಮರಿಗಳನ್ನು ತಂದು, ಕತ್ತಲಲ್ಲಿ, ಒಂದೊಂದಾಗಿ ರೆಕ್ಕೆಯಡಿಗೆ ಸೇರಿಸಿ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ನೀವು ಅಲ್ಲಿರಬೇಕು. ತಾಯಿ ಒಪ್ಪಿಕೊಂಡಿದ್ದರೆ ತಗ್ಗಿದ ದನಿಯಲ್ಲಿ ಲೊಕ್ ಲೊಕ್ ಅನ್ನುತ್ತಾ ಮರಿಗಳನ್ನು ಕರೆಯುತ್ತಿರುತ್ತದೆ. ಕುಕ್ಕಿ ಎಸೆಯುತ್ತಿದ್ದರೆ ಆ ಕ್ಷಣವೇ ಮರಿಗಳನ್ನು ತೆಗೆದು ಬಲ್ಬಿನ ಬಿಸಿಗೆ ಇಡಿ. ವಾರದ ಮರಿ ತಂದರೆ ಈ ಉಪಾಯ ನಡೆಯುವುದಿಲ್ಲ, ಆ ಹೊತ್ತಿಗೆ ಮರಿಯೂ ತಾಯಿಯನ್ನು ಗುರುತಿಸುವ ವಯಸ್ಸು ದಾಟಿರುತ್ತದೆ. ಮೊಟ್ಟೆಯಿಂದ ಬಂದವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ. ಅವುಗಳಿಗೆ ಯಾರ ಮನೆ ಎಂಬುದನ್ನು ಮೊಟ್ಟೆಗಳನ್ನು ಕೋಳಿಯ ಅಡಿಗಿಡುವ ಮುಂಚೆಯೇ ಯೋಚಿಸಿ.

ಹಳೆಯ ಜೊತೆ ಸತ್ತದ್ದು ಹೇಗೆ?

ಮುಂಗುಸಿಯೋ ಕಾಡುಬೆಕ್ಕೋ ಒಯ್ದಿದ್ದರೆ ದೋಷ ಗೂಡಿನದು. ಕೋಳಿ ಜಾಲರಿ ಎಂದು ಮಾರುವ ಆರು ಮೂಲೆಯ ತಂತಿ ಕೋಳಿ ಆಚೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿ, ಅದರ ಅಂಚನ್ನು ಒಂದಡಿ ಮಣ್ಣಿನೊಳಗೆ ಇಳಿಸಿ. ನಮ್ಮ ಕರಿ ಹೋದದ್ದು ಬಾಗಿಲ ಕೆಳಗಿನ ಮೂರು ಬೆರಳ ಸಂದಿಯಿಂದ. ಆ ಸಂದಿಯನ್ನು ನಾನು ದಿನವೂ ನೋಡುತ್ತಿದ್ದೆ.

ರೋಗದಿಂದ ಸತ್ತಿದ್ದರೆ ಅವಸರ ಬೇಡವೇ ಬೇಡ. ಹಸಿರು ಭೇದಿ, ಏದುಸಿರು, ಕತ್ತು ತಿರುಚಿಕೊಳ್ಳುವುದು ಕೊಕ್ಕರೆ ರೋಗದ ಗುರುತುಗಳು. ರಾಣಿಖೇತ್ ಎಂದು ಲಸಿಕೆಯ ಸೀಸೆಯ ಮೇಲೆ ಇರುವುದೂ ಇದೇ, ಹಿಮಾಲಯದ ತಪ್ಪಲಿನ ಆ ಊರಲ್ಲಿ 1920ರ ದಶಕದಲ್ಲಿ ಕಾಣಿಸಿಕೊಂಡದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. ಉಳಿದ ಕೋಳಿ ಮೇಲ್ನೋಟಕ್ಕೆ ಚೆನ್ನಾಗಿದ್ದೂ ರೋಗಾಣುವನ್ನು ಹೊತ್ತಿರಬಹುದು. ಗೂಡಿನ ಹೊಟ್ಟು ಪೂರ್ತಿ ಬದಲಿಸಿ, ಸುಣ್ಣ ಬಳಿದು, ಉಳಿದ ಕೋಳಿಗೆ ಯಾವ ಲಸಿಕೆ ಯಾವಾಗ ಎಂದು ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡ ಮೇಲೆಯೇ ಹೊಸ ಕೋಳಿಯ ಮಾತು. ಲಸಿಕೆಯ ಸೀಸೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದೆರಡು ಕೋಳಿಗಾಗಿ ಸೀಸೆ ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಬೀದಿಯಲ್ಲಿ ಕೋಳಿ ಸಾಕಿದ ನಾಲ್ಕಾರು ಮನೆಯವರು ಒಂದೇ ದಿನ ಹಾಕಿಸುವುದು ಮಾಡಿಕೊಂಡರೆ ಎಲ್ಲರಿಗೂ ಆಗುತ್ತದೆ.

ಎಂಥ ಜೊತೆ? ಎಷ್ಟು?

ಎರಡು ತನ್ನಿ. ಒಂದು ತಂದರೆ ಹಳೆ ಕೋಳಿಯ ಸಿಟ್ಟೆಲ್ಲ ಆ ಒಂದರ ಮೇಲೆ. ಎರಡಿದ್ದರೆ ಏಟು ಹಂಚಿಹೋಗುತ್ತದೆ, ಹೊಸವು ಒಂದಕ್ಕೊಂದು ಆಸರೆಯಾಗುತ್ತವೆ. ಇನ್ನೊಂದು ಕಾರಣವನ್ನು ಹೇಳಲು ನೋವಾಗುತ್ತದೆ: ಮೂರರಲ್ಲಿ ಒಂದು ಹೋದರೂ ಉಳಿಯುವುದು ಎರಡು. ಇವತ್ತಿನ ತೊಂದರೆ ಮತ್ತೆ ಎದುರಾಗುವುದಿಲ್ಲ.

ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು-ಕೀಳಿನ ಕ್ರಮ ಇದೆ. ನಾರ್ವೆಯ ಪ್ರಾಣಿವಿಜ್ಞಾನಿ ತೋರ್‌ಲೈಫ್ ಶೆಲ್ಡೆರುಪ್-ಎಬ್ಬೆ ಚಿಕ್ಕಂದಿನಿಂದ ಮನೆಯ ಕೋಳಿಗಳನ್ನು ನೋಡಿ ನೋಡಿ ಬರೆದಿಟ್ಟುಕೊಂಡು 1922ರಲ್ಲಿ ಇದನ್ನು ಪ್ರಕಟಿಸಿದ. ಈ ಕ್ರಮ ಇತ್ಯರ್ಥವಾಗುವವರೆಗೆ ಜಗಳ, ಆದ ಮೇಲೆ ಶಾಂತಿ. ನಾವು ಹೊಟ್ಟೆಕಿಚ್ಚು ಎಂದುಕೊಳ್ಳುವುದು ಈ ಇತ್ಯರ್ಥವನ್ನೇ. ಹೊಸ ಕೋಳಿ ಹಳೆಯದರ ಅರ್ಧ ಗಾತ್ರದ್ದಾದರೆ ಇತ್ಯರ್ಥ ಆಗುವುದಿಲ್ಲ, ಹೊಡೆತ ಮಾತ್ರ ಆಗುತ್ತದೆ. ನನ್ನ ಮೊದಲ ಮರಿಗೆ ಆದದ್ದು ಇದೇ. ಕನಿಷ್ಠ ನಾಲ್ಕು-ಐದು ತಿಂಗಳು ತುಂಬಿದ, ಹೆಚ್ಚುಕಡಿಮೆ ಒಂದೇ ಮೈಕಟ್ಟಿನ, ಒಟ್ಟಿಗೇ ಬೆಳೆದ ಎರಡು ಹ್ಯಾಟೆಗಳನ್ನು (ಇನ್ನೂ ಮೊಟ್ಟೆಗೆ ಬರದ ಎಳೆ ಹೇಂಟೆಗಳನ್ನು) ಹುಡುಕಿ. ಇನ್ನೊಂದು ಲಾಭ ಮೇವಿನದು: ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಬಹಳ, ಬೆಳೆಯುವ ಮರಿಯ ಮೂತ್ರಪಿಂಡಕ್ಕೆ ಅದು ಕೆಟ್ಟದ್ದು. ಪ್ರಾಯಕ್ಕೆ ಬಂದ ಕೋಳಿಯಾದರೆ ಒಂದೇ ಮೇವು ಸಾಕು.

ತಳಿ ಒಂದೇ ಆಗಬೇಕೆಂದಿಲ್ಲ, ಮೈತೂಕ ಹತ್ತಿರವಿದ್ದರೆ ಸಾಕು. ಗಿರಿರಾಜ, ಸ್ವರ್ಣಧಾರ ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ ತಳಿಗಳು. ಗಿರಿರಾಜ ಭಾರ, ಸ್ವರ್ಣಧಾರ ಅದಕ್ಕಿಂತ ಹಗುರ. ಸಣ್ಣ ಮೈಯ ನಾಟಿ ಹೇಂಟೆಯ ಮೇಲೆ ಗಿರಿರಾಜದ ಭಾರ ಬೀಳುವುದು ನನಗೆ ಇಷ್ಟವಿಲ್ಲ. ಅಸೀಲ್ ಕಾಳಗದ ತಳಿ, ಬೇಡ. ಬ್ರಾಯ್ಲರ್ ಆರು ವಾರದಲ್ಲಿ ಎರಡು ಕೆಜಿ ತೂಗಲೆಂದು ಬೆಳೆಸಿದ್ದು, ಕಾಲೂ ಹೃದಯವೂ ಬೇಗ ಸೋಲುತ್ತವೆ. ಕೆಂಪಿಗೆ ಮತ್ತೊಂದು ಸಾವನ್ನು ತೋರಿಸಿದಂತಾಗುತ್ತಿತ್ತು. ಮೊಟ್ಟೆ ಫಾರಂನಿಂದ ಹೊರಬಿದ್ದ ಕೋಳಿಗೆ ಮನೆ ಕೊಡುವುದು ಪುಣ್ಯದ ಕೆಲಸ, ಆದರೆ ಅವುಗಳ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ, ತಿರುಗಿ ಕುಕ್ಕಲಾರವು. ಅವನ್ನು ತಂದರೆ ಪರಿಚಯದ ಅವಧಿಯನ್ನು ಎರಡರಷ್ಟು ಮಾಡಿ.

ಒಂದು ಹೇಂಟೆಗೆ ಒಂದು ಹುಂಜ ಎಂಬುದು ನೋಡಲು ಜೋಡಿ, ಹೇಂಟೆಗೆ ಹಿಂಸೆ. ಹುಂಜನ ಲೆಕ್ಕ ಎಂಟು-ಹತ್ತು ಹೇಂಟೆಗೆ ಒಂದು. ಒಂದೇ ಇದ್ದರೆ ಅದರ ಬೆನ್ನಿನ ಗರಿಯೆಲ್ಲ ಕಿತ್ತು ಗಾಯವಾಗುತ್ತದೆ. ಗಂಡು ಬಾತುಕೋಳಿಯೂ ಹೇಂಟೆಯ ಮೇಲೆ ಹತ್ತಿ ಗಾಯ ಮಾಡುತ್ತದೆ, ಜೊತೆಗೆ ಬಾತು ನೆಲವನ್ನೆಲ್ಲ ಒದ್ದೆ ಮಾಡಿ ಕೋಳಿಯ ಕಾಲು ಕೆಡಿಸುತ್ತದೆ. ಪಾರಿವಾಳಕ್ಕೆ ಬರುವ ಒಂದು ರೋಗದ ವೈರಾಣು ಕೊಕ್ಕರೆ ರೋಗದ್ದೇ ಬಳಗ, ಹಾಗಾಗಿ ಅದೂ ಜೊತೆಗೆ ಬೇಡ. ಕನ್ನಡಿ ಇಡಿ ಎಂದು ಹೇಳುವವರಿದ್ದಾರೆ. ನಾನೂ ಇಟ್ಟೆ. ಮೊದಲ ವಾರ ಕೆಂಪಿ ಕನ್ನಡಿಯ ಮುಂದೆ ಕೂತು ಸುಮ್ಮನಾಗುತ್ತಿತ್ತು, ಆಮೇಲೆ ಅದರೊಂದಿಗೆ ಜಗಳಕ್ಕೆ ಇಳಿಯಿತು, ತೆಗೆದುಬಿಟ್ಟೆ. ನಿಜವಾದ ಜೊತೆ ಬರುವವರೆಗಿನ ದಿನ ನೂಕಲು ಅಷ್ಟು ಸಾಕು.

ಸಂತೆಯಲ್ಲಿ ಕೈಗೆತ್ತಿಕೊಂಡಾಗ

ಕಣ್ಣು ಹೊಳೆಯಬೇಕು, ನೊರೆ ಇರಬಾರದು. ಮೂಗಿನ ಹೊಳ್ಳೆ ಒಣಗಿರಬೇಕು. ಕೋಳಿಯ ಬೆನ್ನನ್ನು ನಿಮ್ಮ ಕಿವಿಗೆ ಹಿಡಿದು ಕೇಳಿ, ಗೊರಗೊರ ಸದ್ದು ಬಂದರೆ ವಾಪಸ್ ಕೊಡಿ. ಹಿಂಭಾಗದ ಗರಿ ಹಿಕ್ಕೆಯಿಂದ ಅಂಟಿರಬಾರದು. ಕಾಲಿನ ಪೊರೆ ನುಣ್ಣಗೆ ಮಲಗಿರಬೇಕು, ಎದ್ದು ಒರಟಾಗಿದ್ದರೆ ಅಡಿಯಲ್ಲಿ ನುಸಿ ಸೇರಿದೆ.

ವಯಸ್ಸು ಹೇಳಲು ಹಳದಿ ಕಾಲು ನೆರವಿಗೆ ಬರುತ್ತದೆ. ಮೊಟ್ಟೆ ಇಡುತ್ತಾ ಇಡುತ್ತಾ ಕೋಳಿಯ ಕಾಲಿನ ಹಳದಿ ಬಣ್ಣ ಮೊಟ್ಟೆಯೊಳಗಿನ ಭಂಡಾರಕ್ಕೆ ಸೇರಿ ಕಾಲು ಬಿಳಿಚುತ್ತದೆ. ಅಚ್ಚ ಹಳದಿ ಕಾಲಿನದು ಇನ್ನೂ ಮೊಟ್ಟೆಗೆ ಬರದ ಹ್ಯಾಟೆ ಇರಬಹುದು, ಇಲ್ಲವೇ ಮೊಟ್ಟೆ ನಿಲ್ಲಿಸಿದ ಮುದಿ ಕೋಳಿ. ಜುಟ್ಟು, ಉಗುರು ನೋಡಿದರೆ ಯಾವುದೆಂದು ತಿಳಿಯುತ್ತದೆ. ಸಾಕಿದ ಕೋಳಿಗೆ ಈ ಹಳದಿಯ ಗುಣ ಬಂದದ್ದು ನಮ್ಮ ಘಟ್ಟದ ಬೂದು ಕಾಡುಕೋಳಿಯ ಕಡೆಯಿಂದ ಎಂದು 2008ರಲ್ಲಿ ವಂಶವಾಹಿ ನೋಡಿದ ವಿಜ್ಞಾನಿಗಳು ತೋರಿಸಿದರು. ಸಂತೆಯಲ್ಲಿ ಕಾಲು ನೋಡುವಾಗಲೆಲ್ಲ ನನಗೆ ಅದು ನೆನಪಾಗಿ ಖುಷಿಯಾಗುತ್ತದೆ.

ಹೇಂಟೆ ಎಂದು ಹುಂಜ ಕೊಟ್ಟಾರು. ಮೂರು ತಿಂಗಳು ದಾಟಿದ ಹುಂಜನ ಕತ್ತಿನ ಗರಿ, ಬಾಲದ ಬುಡದ ಗರಿ ಉದ್ದವಾಗಿ ಚೂಪಾಗಿರುತ್ತವೆ. ಹೇಂಟೆಯದು ತುದಿ ದುಂಡಗೆ.

ನಾಲ್ಕು ವಾರ ಬೇರೆ, ಆಮೇಲೆ ಜಾಲರಿಯ ಆಚೆ-ಈಚೆ

ಹೊಸ ಎರಡನ್ನೂ ಮೂರರಿಂದ ನಾಲ್ಕು ವಾರ ಹಳೆ ಕೋಳಿಯಿಂದ ಸಾಧ್ಯವಾದಷ್ಟು ದೂರ ಇಡಿ. ಮನೆಯ ಮುಂಭಾಗ, ತಾರಸಿ, ಪಕ್ಕದ ಮನೆಯ ಶೆಡ್ಡು, ಎಲ್ಲಾದರೂ ಸರಿ. ನೀರಿನ ಬಟ್ಟಲು ಬೇರೆ, ನಿಮ್ಮ ಚಪ್ಪಲಿಯೂ ಬೇರೆ. ದಿನವೂ ಮೊದಲು ಹಳೆಯದಕ್ಕೆ ಮೇವು ಹಾಕಿ ಆಮೇಲೆ ಹೊಸವುಗಳ ಹತ್ತಿರ ಹೋಗಿ. ರಕ್ತಭೇದಿ, ಸೀನು, ಸಿಡುಬು, ಕೊಕ್ಕರೆ ರೋಗ ಯಾವುದಿದ್ದರೂ ಹೆಚ್ಚಾಗಿ ಈ ಅವಧಿಯಲ್ಲೇ ತಲೆಯೆತ್ತುತ್ತದೆ. ಕೂಗುವ ಕೋಳಿಯನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕು ವಾರ ಕಾಯುವುದು ಎಷ್ಟು ಕಷ್ಟ ಎಂದು ಬಲ್ಲೆ. ಆ ಸಂಜೆಗಳಲ್ಲಿ ನಾನು ಸೊಪ್ಪು ಬಿಡಿಸುವ ಕೆಲಸವನ್ನು ಹಿತ್ತಲಿಗೆ ತಂದುಕೊಂಡು ಕೆಂಪಿಯ ಪಕ್ಕ ಕೂರುತ್ತಿದ್ದೆ.

ಆಮೇಲೆ ಗೂಡಿನ ನಡುವೆ ಜಾಲರಿ ಕಟ್ಟಿ ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸವು. ಎರಡೂ ಕಡೆಯ ಮೇವಿನ ತಟ್ಟೆಯನ್ನು ಜಾಲರಿಗೆ ತಾಗಿಸಿಯೇ ಇಡಿ, ಎದುರುಬದುರು ನಿಂತು ತಿನ್ನುವುದು ಅಭ್ಯಾಸವಾಗಲಿ. ಜಾಲರಿಗೆ ಎದೆ ಕೊಟ್ಟು ಹಾಯುವುದು ನಿಂತು, ಎರಡೂ ಕಡೆಯವು ತಮ್ಮ ಪಾಡಿಗೆ ಕೆದಕತೊಡಗಿದ ಮೇಲೆ ಬಾಗಿಲು ತೆಗೆಯಿರಿ. ನಮ್ಮಲ್ಲಿ ಅದಕ್ಕೆ ಹನ್ನೊಂದು ದಿನ ಹಿಡಿಯಿತು.

ಮೊದಲ ಭೇಟಿ ಗೂಡಿನೊಳಗೆ ಬೇಡ, ಬಯಲಲ್ಲಿ ಆಗಲಿ. ಹೂಕೋಸನ್ನೋ ಸೊಪ್ಪಿನ ಕಟ್ಟನ್ನೋ ಎರಡು-ಮೂರು ಕಡೆ ತೂಗುಹಾಕಿದರೆ ಕೊಕ್ಕಿಗೆ ಬೇರೆ ಕೆಲಸ ಸಿಗುತ್ತದೆ.

ಬಿಟ್ಟ ಮೇಲೆ ಬರುವ ತೊಂದರೆಗಳು

ಕತ್ತಿನ ಗರಿ ನಿಗುರಿಸಿ ಎದುರುಬದುರು ನಿಲ್ಲುವುದು, ಒಂದೆರಡು ಬಲವಾದ ಕುಕ್ಕು, ಓಡಿಸಿಕೊಂಡು ಹೋಗುವುದು: ಇವೆಲ್ಲ ಸಹಜ, ನಡುವೆ ಹೋಗಬೇಡಿ. ನೀವು ಬಿಡಿಸಿದಷ್ಟೂ ಇತ್ಯರ್ಥ ಮುಂದಕ್ಕೆ ಹೋಗುತ್ತದೆ. ರಕ್ತ ಕಂಡರೆ, ಅಥವಾ ಒಂದು ನೆಲಕ್ಕೆ ಕುಸಿದ ಮೇಲೂ ಇನ್ನೊಂದು ಬಿಡದಿದ್ದರೆ ತಕ್ಷಣ ಬಿಡಿಸಿ. ಕೆಂಪು ಕಂಡ ಕಡೆಗೇ ಕೋಳಿ ಮತ್ತೆ ಮತ್ತೆ ಕುಕ್ಕುತ್ತದೆ. ಗಾಯ ತೊಳೆದು ಅರಿಶಿನ ಹಚ್ಚಿ, ಒಣಗುವವರೆಗೆ ಜಾಲರಿಯ ಆಚೆ ಇಡಿ. ಕಣ್ಣಿಗೆ ಕಾಣುವಂತೆಯೇ ಇಡಿ, ಮರೆಮಾಡಿದರೆ ಪರಿಚಯ ಮತ್ತೆ ಮೊದಲಿಂದ.

ಹೊಸ ಕೋಳಿ ದಿನವಿಡೀ ಮೊಟ್ಟೆಯಿಡುವ ಪೆಟ್ಟಿಗೆಯಲ್ಲೇ ಅಡಗಿದ್ದರೆ ಓಡಲು ಜಾಗವಿಲ್ಲ ಎಂದರ್ಥ. ಗೂಡಿನ ಮೂಲೆಗಳೇ ಬಲೆ. ಹಲಗೆಯೊಂದನ್ನು ಗೋಡೆಗೆ ಓರೆಯಾಗಿ ಒರಗಿಸಿ, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಬರುವಂತಿರಲಿ. ಮೇವು ಮತ್ತು ನೀರನ್ನು ಎರಡು ಕಡೆ ಇಡಿ, ಒಂದು ತಟ್ಟೆಯ ಹತ್ತಿರ ನಿಂತ ಕೋಳಿಗೆ ಇನ್ನೊಂದು ಕಾಣಬಾರದು. ರಾತ್ರಿ ಹೊಸವುಗಳ ಮೇವಿನ ಚೀಲ ಮುಟ್ಟಿ ನೋಡಿ. ತುಂಬಿದ್ದರೆ ನೆಮ್ಮದಿ. ಖಾಲಿಯಿದ್ದರೆ ಹಗಲಲ್ಲಿ ಯಾರೋ ತಿನ್ನಲು ಬಿಡುತ್ತಿಲ್ಲ.

ವಾರ ಕಳೆದರೂ ಹಳೆ ಕೋಳಿಯ ದಾಳಿ ಕಡಿಮೆಯಾಗದಿದ್ದರೆ ಹೊಸದನ್ನು ಹೊರಗಿಡುವುದು ತಪ್ಪು ದಾರಿ. ಹಳೆಯದನ್ನು ಎರಡು-ಮೂರು ದಿನ ಹೊರಗಿಡಿ. ಆ ಹೊತ್ತಿಗೆ ಹೊಸವು ಗೂಡನ್ನು ತಮ್ಮದು ಮಾಡಿಕೊಂಡಿರುತ್ತವೆ, ಹಳೆಯದು ಹೊಸಬಳಂತೆ ಒಳಗೆ ಬರುತ್ತದೆ. ಕೆಂಪಿಯನ್ನು ಮಂಕರಿಯಡಿ ಕೂರಿಸಿ ಎರಡು ದಿನ ವರಾಂಡದಲ್ಲಿ ಇಟ್ಟಾಗ ನನಗೆ ಕರುಳು ಹಿಂಡಿದಂತಾಯಿತು, ಆದರೆ ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಇದೇ.

ರಾತ್ರಿ ಹೊಸವು ನೆಲದ ಮೇಲೆ ಮುದುಡಿ ಮಲಗಿದ್ದರೆ ಕತ್ತಲಾದ ಮೇಲೆ ಎತ್ತಿ ಕೋಲಿನ ಮೇಲೆ ಹಳೆಯದರ ಪಕ್ಕ ಕೂರಿಸಿ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹಾಗಾಗಿ ಜಗಳವಾಗುವುದಿಲ್ಲ. ಒಂದಕ್ಕೆ ಹತ್ತು ಇಂಚಿನಷ್ಟು ಕೋಲು ಇರಲಿ. ಬೆಳಕು ಹರಿಯುವ ಮುಂಚೆ ಬಾಗಿಲು ತೆಗೆಯಲು ಒಬ್ಬರು ಏಳಬೇಕು.

ಹಳೆ ಕೋಳಿ ಮೊಟ್ಟೆ ನಿಲ್ಲಿಸಿದರೆ ಗಾಬರಿ ಬೇಡ, ಒಂದೆರಡು ವಾರದಲ್ಲಿ ಮತ್ತೆ ಶುರುವಾಗುತ್ತದೆ.

ಎರಡು ಹೊಸ ಕೋಳಿಗೆ ಜಾಗವಿಲ್ಲದವರು, ದಿನವಿಡೀ ಮನೆಗೆ ಬೀಗ ಹಾಕಿ ಹೋಗುವವರು ಒಂಟಿ ಕೋಳಿಯನ್ನೇ ನಾಲ್ಕಾರು ಹೇಂಟೆ ಇರುವ ನಂಬಿಕಸ್ಥರ ಮನೆಗೆ ಕೊಡುವುದು ಒಳ್ಳೆಯದು. ಅಲ್ಲಿಯೂ ಕ್ರಮ ಇದೇ, ಬೇರೆ ಇಡುವುದು, ಜಾಲರಿ, ಬಯಲು. ಈ ಸಲ ಪೆಟ್ಟು ತಿನ್ನುವ ಹೊಸದು ನಿಮ್ಮದಾಗಿರುತ್ತದೆ. ಹಾಗಾಗಿ ಮೊದಲ ವಾರ ದಿನವೂ ಹೋಗಿ ಮೇವಿನ ಚೀಲ ಮುಟ್ಟಿ ನೋಡಿ ಬನ್ನಿ.

ನಡುವಿನ ಜಾಲರಿಯನ್ನು ಯಾವಾಗ ಪೂರ್ತಿ ಬಿಚ್ಚಬಹುದು? ಒಟ್ಟಿಗೆ ತಿನ್ನುವುದನ್ನು ನಂಬಬೇಡಿ, ಹಸಿದವು ಶತ್ರುವಿನ ಪಕ್ಕವೂ ತಿನ್ನುತ್ತವೆ. ಮಣ್ಣುಸ್ನಾನ ನೋಡಿ. ಕೋಳಿ ಕಣ್ಣು ಮುಚ್ಚಿ, ಕಾಲು ಚಾಚಿ, ಮಗ್ಗುಲಾಗಿ ಬಿದ್ದುಕೊಳ್ಳುವುದು ಪೂರ್ತಿ ಧೈರ್ಯ ಬಂದಾಗ ಮಾತ್ರ. ಬಾಗಿಲು ತೆಗೆದ ಹತ್ತೊಂಬತ್ತನೇ ದಿನ ಮಧ್ಯಾಹ್ನ ನುಗ್ಗೆ ಮರದ ಬುಡದ ಬೂದಿಗುಂಡಿಯಲ್ಲಿ ಮೂರೂ ಒಂದರ ಮೇಲೊಂದು ಮಣ್ಣೆರಚಿಕೊಂಡು ಮಲಗಿದ್ದವು, ಕೆಂಪಿಯ ರೆಕ್ಕೆ ಹೊಸದೊಂದರ ಬೆನ್ನ ಮೇಲಿತ್ತು. ಆ ಸಂಜೆಯೇ ಜಾಲರಿ ಬಿಚ್ಚಿ ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದೆ.